ಬೆಲ್ಲ ನೀರು

ನಮ್ಮೂರು ಕೆಂಚಬಾವಿ. ಊರಿಗೆ ಹದಿನಾಲ್ಕು ವಾಲ್ವ್. ಹದಿನಾಲ್ಕನ್ನೂ ತಿರುಗಿಸಿ ನೀರು ಬಿಡುವವಳು ನಾನೊಬ್ಬಳೇ. ಪಟ್ಟಣ ಪಂಚಾಯಿತಿ ಅಧ್ಯಕ್ಷರ ಹೆಸರು ಅರ್ಧ ಊರಿಗೆ ಗೊತ್ತಿಲ್ಲ. ಸುಂದರವ್ವನ ಮನೆ ಎಲ್ಲಿ ಅಂತ ಕೇಳಿ ನೋಡಿ, ತೊಟ್ಟಿಲ ಕೂಸೂ ಕೈ ಮಾಡಿ ತೋರಿಸುತ್ತೆ.

ನನ್ನ ಕೈಯಲ್ಲಿರುವುದು ಒಂದು ಚಾವಿ. ಸೊಂಟಕ್ಕೆ ಸಿಗಿಸುವ ಚಾವಿಯಲ್ಲ. ನನ್ನ ಎದೆಯುದ್ದದ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿಕೆ. ತೂಕ ಎಂಟು ಕಿಲೋ. ಬೆಳಿಗ್ಗೆ ಐದಕ್ಕೆ ಅದನ್ನು ಹೆಗಲಿಗೆ ಹಾಕಿಕೊಂಡು ಹೊರಡುತ್ತೇನೆ. ವಾಲ್ವ್ ಇರುವುದು ರಸ್ತೆಯಲ್ಲಿ ತೋಡಿದ ಗುಂಡಿಯೊಳಗೆ. ಮಳೆಯಾದರೆ ಗುಂಡಿಯ ತುಂಬ ಗಟಾರದ ನೀರು. ಆಗ ನಿಂತು ತಿರುಗಿಸಲು ಆಗುವುದಿಲ್ಲ. ಹೊಟ್ಟೆ ಅಡಿಯಾಗಿ ರಸ್ತೆಯ ಮೇಲೆ ಮಲಗಬೇಕು. ಭುಜದವರೆಗೂ ಕೈ ಇಳಿಸಬೇಕು. ಕೆಸರಿನಲ್ಲಿ ತಡಕಾಡಿ ವಾಲ್ವಿನ ತಲೆ ಹುಡುಕಿ, ಅದರ ಮೇಲೆ ಚಾವಿ ಕೂರಿಸಬೇಕು. ಮುಖ ಗುಂಡಿಯ ಬಾಯಿಗೇ ಇರುತ್ತೆ. ಮೋಟಾರ್ ಸೈಕಲ್ಲಿನವರು ಹಾರ್ನ್ ಹೊಡೆದು ಬದಿಗೆ ಸರಿ ಅನ್ನುತ್ತಾರೆ. ಸರಿಯುವುದಿಲ್ಲ. ನಾನು ಸರಿದರೆ ಅವರ ಮನೆಗೇ ನೀರಿಲ್ಲ.

ಒಂದೊಂದು ವಾಲ್ವಿಗೆ ಇಪ್ಪತ್ತೆರಡು ಸುತ್ತು. ಎಲ್ಲವೂ ಎಡಕ್ಕೆ ತೆರೆಯುತ್ತವೆ. ಒಂಬತ್ತನೆಯದು ಮಾತ್ರ ಉಲ್ಟಾ. ಅದನ್ನು ಕೂರಿಸಿದ ಗುತ್ತಿಗೆದಾರ ಆ ದಿನ ಯಾವ ಗುಂಗಿನಲ್ಲಿದ್ದನೋ ಏನೋ. ಬಲಕ್ಕೆ ತಿರುಗಿಸಬೇಕು, ಹದಿನೆಂಟು ಸುತ್ತಿಗೆ ನಿಲ್ಲಿಸಬೇಕು. ಹೆಚ್ಚು ಮಾಡಿದರೆ ಕಚ್ಚಿಕೊಂಡು ಕೂತುಬಿಡುತ್ತೆ. ಇದು ಯಾವ ಕಾಗದದಲ್ಲೂ ಬರೆದಿಲ್ಲ. ಮೊದಲು ನನ್ನ ಗಂಡ ದುರಗಪ್ಪನ ಕೈಗೆ ಗೊತ್ತಿತ್ತು. ಅವನು ನೀರಿನ ಟಾಕಿಯ ಏಣಿಯಿಂದ ಬಿದ್ದು ಮೊಣಕಾಲು ಮುರಿದುಕೊಂಡ ಮೇಲೆ ಕೆಲಸ ನನಗೆ ಬಂತು, ಗುಟ್ಟೂ ನನಗೆ ಬಂತು. ಈಗ ಅವನು ಕಟ್ಟೆಯ ಮೇಲೆ ಕೂತು ಉಪದೇಶ ಮಾಡುತ್ತಾನೆ. ಬಿದ್ದಾಗ ಕಾಲು ಮುರಿಯಿತು, ಬಾಯಿಗೆ ಏನೂ ಆಗಲಿಲ್ಲ.

ಮೂರು ತಿಂಗಳಿಗೊಮ್ಮೆ ಟಾಕಿ ತೊಳೆಯುವವಳೂ ನಾನೇ. ಬ್ಲೀಚಿಂಗ್ ಪೌಡರಿನ ಚೀಲ ತಲೆಯ ಮೇಲಿಟ್ಟುಕೊಂಡು ಹತ್ತುತ್ತೇನೆ. ಒಳಗಿಳಿದು ಗೋಡೆ ಉಜ್ಜುತ್ತೇನೆ. ಕಣ್ಣು ಉರಿಯುತ್ತೆ, ಎರಡು ದಿನ ಉಂಡ ರೊಟ್ಟಿಗೂ ಅದೇ ವಾಸನೆ. ಊರು ಕುಡಿಯುವ ನೀರಿನ ಟಾಕಿಯಲ್ಲಿ ನನ್ನ ಪಾದ ಇಳಿಯುತ್ತೆ. ಅದು ಯಾರಿಗೂ ಮೈಲಿಗೆಯಲ್ಲ. ಆದರೆ ಮೇಲಿನ ಓಣಿಗೆ ನೀರು ಬಿಟ್ಟ ಮೇಲೆ ಶಾಂತಾಬಾಯಿಯವರು ಕೊಡುವ ಚಹಾ ಬರುವುದು ಕಾಗದದ ಕಪ್ಪಿನಲ್ಲಿ. ಅವರು ಒಳ್ಳೆಯವರು, ಸಕ್ಕರೆ ಹೆಚ್ಚೇ ಹಾಕುತ್ತಾರೆ. ಅವರ ಕೈಯಲ್ಲಿ ಸ್ಟೀಲಿನ ಲೋಟ, ನನ್ನ ಕೈಯಲ್ಲಿ ಕಾಗದ. ನಮ್ಮತ್ತೆಯ ಕಾಲಕ್ಕೆ ತೆಂಗಿನ ಪರಟೆಯಲ್ಲಿ ಕೊಡುತ್ತಿದ್ದರಂತೆ. ಆಮೇಲೆ ಕಟ್ಟೆಯ ಮೇಲೆ ಬೋರಲು ಹಾಕಿದ ಬೇರೆ ಗ್ಲಾಸು. ಈಗ ಇದು.

"ಸ್ವಚ್ಛ ಇರತದ ನೋಡು ಸುಂದರವ್ವಾ, ಕುಡದು ಒಗದ ಬಿಡೋದು," ಅನ್ನುತ್ತಾರೆ.

ಅಷ್ಟು ಸ್ವಚ್ಛ ಇದ್ದರೆ ಅವರೂ ಅದರಲ್ಲೇ ಕುಡಿಯಲಿ ಅಂತ ಮನಸ್ಸಿನಲ್ಲಿ ಅಂದುಕೊಂಡಿದ್ದೇನೆ. ಬಾಯಲ್ಲಿ ಅಂದಿರಲಿಲ್ಲ.

ಊರು ಇಳಿಜಾರು. ಇಳಿಜಾರಿನ ಕೊನೆಗೆ ನಮ್ಮ ಕೆಳಗಿನ ಓಣಿ. ನೀರು ಇಳಿಜಾರಿಗೆ ಹರಿಯುತ್ತೆ ಅಂತ ಸಾಲಿಯಲ್ಲಿ ಹೇಳಿಕೊಟ್ಟಿದ್ದರು. ಗಟಾರದ ನೀರು ಹಾಗೇ ಹರಿಯುತ್ತೆ. ಕುಡಿಯುವ ನೀರು ಮಾತ್ರ ನಮ್ಮಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ನವಿಲುತೀರ್ಥದ ಅಣೆಕಟ್ಟಿನಿಂದ ಇಷ್ಟು ದೂರ ಬಂದ ಹೊಳೆ ನೀರು, ಕೊನೆಯ ನಲವತ್ತು ಮಾರು ಗಟಾರದಲ್ಲಿ ಮಲಗಿದ ಪೈಪಿನೊಳಗೆ ಬರುತ್ತೆ. ತುಕ್ಕು ಹಿಡಿದ ಕಬ್ಬಿಣ. ತೂತು ಬಿದ್ದಲ್ಲೆಲ್ಲ ನಾವೇ ಸೈಕಲ್ ಟ್ಯೂಬ್ ಸುತ್ತಿದ್ದೇವೆ. ನೀರು ಬಿಟ್ಟಾಗ ಆ ತೂತುಗಳಿಂದ ಹೊರಗೆ ಚಿಮ್ಮುತ್ತೆ. ನೀರು ನಿಂತಾಗ ಅದೇ ತೂತುಗಳಿಂದ ಗಟಾರ ಒಳಗೆ ಹೋಗಿ ಕೂರುತ್ತೆ. ವಾರಕ್ಕೊಮ್ಮೆ, ಶನಿವಾರ ಒಂಬತ್ತು ಗಂಟೆಗೆ ನಮ್ಮ ಪಾಳಿ. ವಾರವಿಡೀ ಕೂತದ್ದು ಅವತ್ತು ಕೊಡಕ್ಕೆ ಬರುತ್ತೆ.

ನಮ್ಮ ಓಣಿಯ ಹೆಂಗಸರು ಅದಕ್ಕೂ ಹೆಸರಿಟ್ಟಿದ್ದಾರೆ. ಮೊದಲ ಹತ್ತು ನಿಮಿಷ ಬರುವುದು ಚಹಾ. ಆಮೇಲೆ ಹತ್ತು ನಿಮಿಷ ಮಜ್ಜಿಗಿ. ಆಮೇಲೆ ನೀರು. ನೀರು ಬರುವ ಹೊತ್ತಿಗೆ ಧಾರೆ ಕಿರುಬೆರಳಿನಷ್ಟು. "ಚಹಾ ಆತೇನವಾ?" "ಆತು, ಮಜ್ಜಿಗಿ ನಡದೈತಿ." ನಗುತ್ತಲೇ ತುಂಬಿಸುತ್ತೇವೆ.

ಹೋದ ಮಳೆಗಾಲದಲ್ಲಿ ನಗು ನಿಂತಿತು. ಹನ್ನೊಂದು ಮನೆಗೆ ಕಾಮಣಿ ಬಂತು. ನನ್ನ ಮೈದುನನ ಹೆಂಡತಿ, ನೆಗೆಣ್ಣಿ ಭಾಗೀರಥಿಯ ಕಣ್ಣು ಅರಿಷಿಣ ಬಳಿದ ಹಾಗೆ ಆಯಿತು. ಇಪ್ಪತ್ತು ದಿನ ಸವದತ್ತಿಯಲ್ಲಿ ಸಲೈನ್ ಹಚ್ಚಿಸಿಕೊಂಡು ಮಲಗಿದಳು. ಬದುಕಿ ಬಂದಳು. ಆರು ತಿಂಗಳು ಖಾರ ಮುಟ್ಟಬೇಡ ಅಂದಿದ್ದರು ಡಾಕ್ಟರು. ಅವಳು ಕೆಂಪು ಮೆಣಸಿನಕಾಯಿ ರಂಜಕದ ಭರಣಿಯ ಎದುರು ಕೂತು, ಬರೀ ಗಂಜಿ ಉಣ್ಣುತ್ತ, ಅದನ್ನು ನೋಡಿ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಆ ನೀರು ಬಿಟ್ಟವಳು ನಾನು. ಗಟಾರ ಅವಳ ಹೊಟ್ಟೆಗೆ ಹೋದದ್ದು ನನ್ನ ಕೈಯಿಂದ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಹೊಸ ಪೈಪ್ ಇಲ್ಲ ಅಂತಲ್ಲ. ಪಂಚಾಯಿತಿ ಅಂಗಳದಲ್ಲಿ ನೀಲಿ ಪೈಪುಗಳು ಎರಡು ವರ್ಷದಿಂದ ಬಿದ್ದಿದ್ದವು. ನಾಯಿ ಅದರೊಳಗೆ ಎರಡು ಸಲ ಮರಿ ಹಾಕಿತ್ತು. ನಾವು ಅರ್ಜಿ ಕೊಟ್ಟೆವು. ನೀರಿನ ಕೆಲಸದ ಮೇಲ್ವಿಚಾರಕ ಬಸಯ್ಯನವರು ಅರ್ಜಿಯನ್ನು ಮೆಟ್ಟಿಲ ಮೇಲೆ ಇಡಿಸಿದರು. ನಮ್ಮನ್ನು ಒಳಗೆ ಕರೆಯುವ ಪದ್ಧತಿ ಅಲ್ಲಿಲ್ಲ. ನನ್ನ ಹಾಜರಿಯ ಸಹಿ ಕೂಡ ಮೆಟ್ಟಿಲ ಮೇಲೆಯೇ.

"ನೀರ ಕೆಟ್ಟೈತಿ ಅಂತ ತಪಾಸಣಿ ಕಾಗದ ಬರಬೇಕು. ಅಂದ್ರ ಪೈಪ ಸಿಗತಾವು," ಅಂದರು.

ಕಾಗದ ಬಂತು. ನಮ್ಮ ಓಣಿಯ ಸಮುದಾಯ ಭವನದ ಗೋಡೆಗೆ ಅಂಟಿಸಿ ಹೋದರು. ನಾನು ಏಳನೆಯ ತರಗತಿ ಕಲಿತವಳು. ಗಟ್ಟಿಯಾಗಿ ಓದಿದೆ. 'ಕೆಳಗಿನ ಓಣಿ. ಚನ್ನವ್ವನ ಮನೆ ಮುಂದಿನ ನಳದಿಂದ ಮಾದರಿ ಪಡೆಯಲಾಗಿದೆ. ನೀರು ಕುಡಿಯಲು ಯೋಗ್ಯವಾಗಿದೆ.' ಕೆಳಗೆ ಇಂಜಿನಿಯರ್ ನೀಲಕಂಠ ಅವರ ಸಹಿ.

ಚನ್ನವ್ವ ನಮ್ಮ ಓಣಿಯ ಹಿರಿಯಳು. ಎಪ್ಪತ್ತು ದಾಟಿದೆ. ಹಲ್ಲು ಮೂರಿವೆ, ಮೂರೂ ಮಾತಾಡುತ್ತವೆ. "ನಮ್ಮ ಮನಿ ಮುಂದ ಬಂದು ಹೋಗ್ಯಾರ, ನನಗ ಗೊತ್ತ ಇಲ್ಲ? ಯಾವತ್ತ ಬಂದಿದ್ರಂತ?" ಅಂದಳು.

ತಾರೀಖು ನೋಡಿದೆ. ಮನೆಗೆ ಓಡಿದೆ. ನಮ್ಮ ಬಾಗಿಲ ಹಿಂದೆ ಒಂದು ಕ್ಯಾಲೆಂಡರ್ ಇದೆ. ಯಾವ ದಿನ ಯಾವ ಓಣಿಗೆ ನೀರು ಬಿಟ್ಟೆ ಅಂತ ಅದರಲ್ಲಿ ಗುರುತು ಮಾಡುತ್ತೇನೆ. ದುರಗಪ್ಪ ಕಲಿಸಿದ್ದು. ಮೇಲಿನ ಓಣಿಗೆ ಅರಿಷಿಣದ ಬೊಟ್ಟು, ಪೇಟೆಗೆ ಕುಂಕುಮ, ನಮ್ಮ ಓಣಿಗೆ ಕಾಡಿಗೆ. ಕಾಗದದ ತಾರೀಖು ಮಂಗಳವಾರ. ಮಂಗಳವಾರದ ಮನೆಯಲ್ಲಿ ಕುಂಕುಮವಿತ್ತು. ಕಾಡಿಗೆ ಇದ್ದದ್ದು ಆಚೀಚೆಯ ಎರಡೂ ಶನಿವಾರಕ್ಕೆ.

ಕ್ಯಾಲೆಂಡರ್ ಕಿತ್ತುಕೊಂಡು ಬಂದು ಎಲ್ಲರಿಗೂ ತೋರಿಸಿದೆ. "ಮಂಗಳವಾರ ನಮ್ಮ ನಳದಾಗ ಬರೂದು ಗಾಳಿ. ಇವರು ಗಾಳಿ ತುಂಬಕೊಂಡ ಹೋಗಿ ತಪಾಸ ಮಾಡ್ಯಾರ," ಅಂದೆ.

"ಗಾಳಿ ಚಲೋ ಐತವಾ ನಮ್ಮ ಓಣ್ಯಾಗ. ಅದಕ್ಕ ಯೋಗ್ಯ ಅಂತ ಬರದಾರ," ಅಂದಳು ಭಾಗೀರಥಿ.

ಬಾಟಲಿ ತುಂಬಿಸುವವರಿಗೆ ಯಾವ ನಳಕ್ಕೆ ಯಾವ ದಿನ ನೀರು ಅಂತ ಗೊತ್ತಿರಲಿಲ್ಲ. ಗೊತ್ತಿರುವವಳನ್ನು ಕೇಳಬೇಕಾದರೆ ಮೆಟ್ಟಿಲು ಇಳಿದು ಬರಬೇಕಿತ್ತು. ಅಂಗಳದ ಆ ನೀಲಿ ಪೈಪುಗಳ ಮೇಲೆ ಗುಡ್ಡದ ಬದಿಯ ಹೊಸ ಪ್ಲಾಟುಗಳವರ ಕಣ್ಣಿತ್ತು. ಅದು ಮಾತ್ರ ಎಲ್ಲರಿಗೂ ಗೊತ್ತಿತ್ತು.

ನಾವು ಬೆಳಗಾವಿಯ ಜಿಲ್ಲಾ ಕಚೇರಿಗೆ ಬರೆದೆವು. ನಲವತ್ತು ಸಹಿ, ಹದಿನಾರು ಹೆಬ್ಬೆಟ್ಟು, ಕ್ಯಾಲೆಂಡರಿನ ಫೋಟೊ. ತಿಂಗಳ ಮೇಲೆ ಒಂದು ಶುಕ್ರವಾರ ಬಸಯ್ಯನವರು ನನ್ನನ್ನು ಮೆಟ್ಟಿಲಿಗೆ ಕರೆದರು. ಅವತ್ತು ದನಿ ಬೆಣ್ಣೆಯಾಗಿತ್ತು.

"ನಾಳೆ ಬೆಳಗಾವಿಂದ ಮೇಡಂ ಬರಾಕತ್ತಾರ. ಒಂಬತ್ತಕ್ಕ. ನೀ ಏನ್ ಮಾಡ, ಐದಕ್ಕ ನಿಮ್ಮ ಓಣಿ ವಾಲ್ವ ತಗದ ಬಿಡು. ಅವರ ಬರೂದ್ರಾಗ ಹೊಲಸೆಲ್ಲಾ ಹರದ ಹೋಗತೈತಿ. ತಿಳೀ ನೀರ ಬಾಟ್ಲಿಗಿ ಹಿಡದ ಕೊಡು. ಸಾಕ್ಷಿ ಅಂತ ನಿನ್ನ ಸಹಿ. ಕೆಲಸ ಕಾಯಂ ಮಾಡೂ ಪಟ್ಟಿಯೊಳಗ ನಿನ್ನ ಹೆಸರ ಐತಿ, ನೆನಪಿರಲಿ."

"ಇಲ್ಲಂದ್ರ, ಅಯ್ನೋರ?"

"ಇಲ್ಲಂದ್ರ ಚಾವಿ ತಿರುವಾಕ ಊರಾಗ ಮಂದಿ ಕಡಿಮಿ ಇಲ್ಲ."

ಮನೆಗೆ ಬಂದು ಹೇಳಿದೆ. ದುರಗಪ್ಪ ಮೊಣಕಾಲು ನೀವಿಕೊಂಡ. ನಮ್ಮ ಮನೆ ನಡೆಯುವುದು ಆ ಚಾವಿಯಿಂದ. ಅವನ ಕಾಲಿನ ಔಷಧಿಯೂ ಅದರಿಂದಲೇ. ನನಗೆ ಹೆದರಿಕೆಯಾಗಿತ್ತು, ಸುಳ್ಳೇಕೆ ಹೇಳಲಿ.

"ಏನ್ ಮಾಡೂಣು?" ಅಂದೆ.

"ಶನಿವಾರ ನಮ್ಮ ಓಣಿ ಪಾಳಿ ಎಷ್ಟಕ್ಕ?" ಅಂದ.

"ಒಂಬತ್ತಕ್ಕ."

"ಹಂಗಾದ್ರ ಒಂಬತ್ತಕ್ಕ ಬಿಡು. ಹನ್ನೊಂದ ವರ್ಷ ನಾ ಒಂದ ದಿನಾನೂ ಹೊತ್ತ ತಪ್ಪಿಸಿಲ್ಲ."

ಶನಿವಾರ ಐದಕ್ಕೆ ನಾನು ಏಳಲೇ ಇಲ್ಲ. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಗುಂಡಿಯ ಹತ್ತಿರ ಹೋಗಿ ಕೂತೆ. ಜೀಪು ಓಣಿಗೆ ತಿರುಗಿತು. ಇಪ್ಪತ್ತೆರಡು ಸುತ್ತು ತಿರುಗಿಸಿದೆ. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಬಂದೆ.

ಹೆಂಗಸರು ಸಮುದಾಯ ಭವನದ ಕಟ್ಟೆಯ ಮೇಲೆ ಹೊಸ ಕೌದಿ ಹಾಸಿದ್ದರು. ತಟ್ಟೆಯಲ್ಲಿ ಬೆಲ್ಲ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು, ಮಾತು ಆಮೇಲೆ. ನಮ್ಮ ಸೀಮೆಯಲ್ಲಿ ವೈರಿ ಬಂದರೂ ಅದು ತಪ್ಪುವುದಿಲ್ಲ. ಬೆಳಗಾವಿಯ ಪದ್ಮಜಾ ಮೇಡಂ ಇಳಿದರು, ಕನ್ನಡಕ ಒರೆಸಿಕೊಂಡು ಕೌದಿಯ ಮೇಲೆ ಕೂತರು. ಇಂಜಿನಿಯರ್ ನೀಲಕಂಠ ಸಾಹೇಬರು ನಿಂತೇ ಇದ್ದರು. ಬಸಯ್ಯನವರ ಕಂಕುಳಲ್ಲಿ ಅಂಗಡಿಯ ನೀರಿನ ಬಾಟಲಿ ಮೂರು.

ಚನ್ನವ್ವ ನಳಕ್ಕೆ ತಂಬಿಗೆ ಹಿಡಿದಳು. ನಳ ಎರಡು ಸಲ ಸೀನಿತು. ಚಹಾ ಬಂತು. ತಂಬಿಗೆ ತುಂಬಿಸಿಕೊಂಡು ಬಂದು ನೀಲಕಂಠ ಸಾಹೇಬರ ಮುಂದೆ ಹಿಡಿದಳು.

"ಬೆಲ್ಲ ತಗೋರಿ ಸಾಹೇಬ್ರ. ನೀರ ಕುಡೀರಿ."

"ಬ್ಯಾಡ ಬ್ಯಾಡ. ಈಗಷ್ಟ ಚಹಾ ಆಗ್ಯದ."

"ಇದೂ ಚಹಾನ ಐತ್ರಿ," ಅಂದಳು ಭಾಗೀರಥಿ ಹಿಂದಿನಿಂದ. ಹೆಂಗಸರು ಕಿಸಕ್ಕನೆ ನಕ್ಕರು.

"ಇವತ್ತ ಶನಿವಾರ. ನಂದು ಮಾರುತಿ ಉಪವಾಸ ಅದ," ಅಂದರು ಸಾಹೇಬರು.

"ಉಪಾಸದಾಗ ನೀರ ನಡೀತೈತಲ್ರಿ. ಮಾರುತಿ ಏನ್ ನೀರ ಕುಡಿಬ್ಯಾಡ ಅಂದಾನೇನು?"

ಸಾಹೇಬರು ಬಸಯ್ಯನವರ ಕಡೆ ನೋಡಿದರು. ಬಸಯ್ಯನವರು ನನ್ನ ಕಡೆ ನೋಡಿದರು. ಆ ನೋಟಕ್ಕೆ ಬೆಂಕಿಯಿದ್ದರೆ ನಾನು ಅಲ್ಲೇ ಬೂದಿ. ಚನ್ನವ್ವನ ತಂಬಿಗೆಯಿಂದ ಕಪ್ಪು ನೀರು ತುಳುಕಿ ಅವಳ ಸೀರೆಯ ಮೇಲೆ ಬಿತ್ತು. ಎಪ್ಪತ್ತು ವರ್ಷದ ಮುದುಕಿ ನೀರು ಹಿಡಿದು ನಿಂತಿದ್ದಾಳೆ. ಇವರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ನನಗೆ ತಡೆಯಲಾಗಲಿಲ್ಲ. ತಂಬಿಗೆ ನಾನು ತೆಗೆದುಕೊಂಡೆ.

"ಅಯ್ನೋರ, ಸಾಹೇಬ್ರ, ಒಂದ ಮಾತ ಹೇಳ್ರಿ. ನಮ್ಮ ಕೈ ಆಗೂದಿಲ್ಲೋ, ನಮ್ಮ ನೀರ ಆಗೂದಿಲ್ಲೋ? ಎರಡರಾಗ ಒಂದ ಹೇಳ್ರಿ. ಕೈ ಆಗೂದಿಲ್ಲ ಅಂದ್ರ ಪೊಲೀಸ ಠಾಣೆ ಐತಿ. ನೀರ ಆಗೂದಿಲ್ಲ ಅಂದ್ರ ನಿಮ್ಮ ಕಾಗದ ಸುಳ್ಳ ಐತಿ."

ನಳ ಇನ್ನೂ ಚಹಾ ಸುರಿಸುತ್ತಿತ್ತು. ಅಟ್ರಾಸಿಟಿ ಕೇಸು ಅಂದರೆ ಏನು ಅಂತ ಬಸಯ್ಯನವರಿಗೆ ಚೆನ್ನಾಗಿ ಗೊತ್ತು. ಅವರ ಭಾವಮೈದುನ ಅದರಲ್ಲಿ ಮೂರು ವರ್ಷ ಕೋರ್ಟಿಗೆ ಅಲೆದಿದ್ದಾನೆ. ಮುಖ ಬೆವರಿತು. ಬಾಟಲಿಗಳು ಕಂಕುಳಿಂದ ಜಾರಿದವು.

"ಕೈ ಅಲ್ಲ! ಕೈ ಅಲ್ಲ ಯವ್ವಾ! ನೀರ! ನೀರ ಸರಿ ಇಲ್ಲ! ಗಟಾರದ ನೀರ ಅದು, ಯಾರ ಕುಡೀತಾರ ಅದನ್ನ!"

"ಬಸಯ್ಯಾ!" ಅಂದರು ಸಾಹೇಬರು. ತಡವಾಗಿತ್ತು.

ಪದ್ಮಜಾ ಮೇಡಂ ಪೆನ್ನಿನ ಮುಚ್ಚಳ ತೆಗೆದರು. "ಇನ್ನೊಮ್ಮೆ ಹೇಳ್ರಿ ಬಸಯ್ಯನವರ. ಸಾವಕಾಶ ಹೇಳ್ರಿ, ಬರಕೋತೀನಿ," ಅಂದರು. ಆಮೇಲೆ ನನ್ನ ಕ್ಯಾಲೆಂಡರ್ ನೋಡಿದರು. ಕಾಡಿಗೆಯ ಬೊಟ್ಟುಗಳನ್ನು ಬೆರಳಿನಿಂದ ಎಣಿಸಿದರು. ಮಂಗಳವಾರದ ಕುಂಕುಮದ ಮೇಲೆ ಬೆರಳು ನಿಂತಿತು. ಬಾಟಲಿಗೆ ತಾವೇ ನೀರು ಹಿಡಿದು, ಮೇಲೆ ಚೀಟಿ ಅಂಟಿಸಿದರು. ಸಾಕ್ಷಿಯ ಸಹಿ ಎಲ್ಲಿ ಅಂತ ಕೇಳಿ, ಕೌದಿಯ ಮೇಲೆ ಕೂತು ಸಹಿ ಹಾಕಿದೆ. ಮೆಟ್ಟಿಲ ಮೇಲಲ್ಲದೆ ನಾನು ಹಾಕಿದ ಮೊದಲ ಸಹಿ ಅದು. ಸ್ವಲ್ಪ ಸೊಟ್ಟಗಾಯಿತು, ಪರವಾಗಿಲ್ಲ.

ಸೋಮವಾರ ಚಾವಿ ಹೋಯಿತು. "ಶಿಸ್ತ ಇಲ್ಲ" ಅಂದರಂತೆ. ನನ್ನ ಜಾಗಕ್ಕೆ ಗರಡಿಯ ಪೈಲ್ವಾನನೊಬ್ಬ ಬಂದ. ತೋಳು ನನ್ನ ತೊಡೆಯಷ್ಟು. ಚಾವಿಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋದ. ಮನೆಯಲ್ಲಿ ಕೂತು ನಾನು ಅತ್ತೆ. ದುರಗಪ್ಪ ಸಮಾಧಾನ ಮಾಡಲಿಲ್ಲ. "ಮಂಗಳವಾರ ಪೇಟಿ ಪಾಳಿ ಅಲ್ಲ? ಒಂಬತ್ತನೇದ ತಿರುವಬೇಕಲ್ಲ?" ಅಂದ. ಅಳು ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಪೈಲ್ವಾನ ಒಂಬತ್ತನೆಯದನ್ನು ಎಡಕ್ಕೆ ತಿರುಗಿಸಿದ. ತಿರುಗಲಿಲ್ಲ. ಜಟ್ಟಿಗೆ ಮರ್ಯಾದೆಯ ಪ್ರಶ್ನೆ. ಇನ್ನಷ್ಟು ಬಲ ಹಾಕಿದ. ಕಚ್ಚಿಕೊಂಡಿತು. ಪೇಟೆಗೂ ಮೇಲಿನ ಓಣಿಗೂ ನೀರು ಹೋಗುವುದು ಅದೇ ವಾಲ್ವಿನಿಂದ. ಮಂಗಳವಾರ ಪೇಟೆಗೆ ನೀರಿಲ್ಲ. ಬುಧವಾರ ಮೇಲಿನ ಓಣಿಗೂ ಇಲ್ಲ. ಸವದತ್ತಿಯಿಂದ ಮೇಸ್ತ್ರಿ ಬಂದ, ನೋಡಿದ, ವಾಲ್ವನ್ನೇ ಒಡೆದು ತೆಗೆಯಬೇಕು, ಹದಿನೈದು ದಿನ ಬೇಕು ಅಂದ. ಗುರುವಾರ ಹತ್ತು ಗಂಟೆಗೆ ಊರು ನಮ್ಮ ಓಣಿಗೆ ಇಳಿದು ಬಂತು.

ಬಸಯ್ಯನವರು ಮುಂದೆ. ನೀಲಕಂಠ ಸಾಹೇಬರು ಹಿಂದೆ. ಪೈಲ್ವಾನ ಚಾವಿ ಹೊತ್ತು ತಲೆ ತಗ್ಗಿಸಿದ್ದ. ಅವರ ಹಿಂದೆ ಖಾಲಿ ಕೊಡಗಳ ಮೆರವಣಿಗೆ, ಅದರಲ್ಲಿ ಶಾಂತಾಬಾಯಿಯವರೂ ಇದ್ದರು. ಈ ಓಣಿಗೆ ಅವರು ಹಿಂದೆಂದೂ ಬಂದವರಲ್ಲ. ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ಸೆರಗು ಹಿಡಿದುಕೊಂಡು ನಿಂತಿದ್ದರು.

"ಸುಂದ್ರವ್ವಾರ," ಅಂದರು ಬಸಯ್ಯನವರು. ಆ 'ರ' ನಾನು ಮೊದಲ ಸಲ ಕೇಳಿದ್ದು. "ಚಾವಿ ತಗೋರಿ. ತಪ್ಪಾತು."

"ಕುಂದರ್ರಿ," ಅಂತ ಕೌದಿ ಹಾಸಿದೆ. "ಬಂದವರಿಗೆ ಮೊದಲ ಬೆಲ್ಲ ನೀರ. ಮಾತ ಆಮ್ಯಾಲೆ."

ಚನ್ನವ್ವ ಅಷ್ಟರಲ್ಲಿ ತಂಬಿಗೆ ತಂದಿದ್ದಳು. ತಿಳಿಯಾದ ನೀರು, ತಳದ ಕಲಾಯಿ ಕಾಣುತ್ತಿತ್ತು.

"ಕಾಸಿ, ಬಟ್ಟ್ಯಾಗ ಸೋಸಿದ ನೀರ ಐತಿ ತಮ್ಮಾ," ಅಂದಳು. "ನೀರಿಂದ ದೋಷ ಇಲ್ಲ ಇವತ್ತ."

ಮಾತು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟಿತು. ನೀರಿನ ಮೇಲೆ ಹಾಕುವಂತಿಲ್ಲ. ಉಳಿದದ್ದು ಕೈ ಒಂದೇ. ಬಸಯ್ಯನವರು ಕೌದಿಯ ಅಂಚಿಗೆ ಕೂತರು. ತಂಬಿಗೆ ಹಿಡಿದರು. ಎತ್ತಿ ಮೇಲಿಂದ ಬಾಯಿಗೆ ಸುರಿದುಕೊಳ್ಳಲು ಹೋದರು. ಅರ್ಧ ನೀರು ಮೂಗಿಗೆ ಹೋಯಿತು. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು.

"ಕಚ್ಚಿ ಕುಡಿಯೋ ನನ್ನಪ್ಪಾ," ಅಂದಳು ಚನ್ನವ್ವ. "ತಂಬಿಗಿ ತಿರುಗಿ ಕಚ್ಚೂದಿಲ್ಲ."

ಓಣಿಯೆಲ್ಲ ನಕ್ಕಿತು. ಪೈಲ್ವಾನನೂ ನಕ್ಕ. ಬಸಯ್ಯನವರು ತಂಬಿಗೆಗೆ ತುಟಿ ಹಚ್ಚಿದರು. ಗಟಗಟ ಕುಡಿದರು. ಮೂರು ದಿನದ ಬಾಯಾರಿಕೆ ಜಾತಿ ಕೇಳಲಿಲ್ಲ. ನೀಲಕಂಠ ಸಾಹೇಬರಿಗೆ ಅವತ್ತು ಉಪವಾಸ ನೆನಪಾಗಲಿಲ್ಲ. ಶಾಂತಾಬಾಯಿಯವರು ಎರಡು ತಂಬಿಗೆ ಕುಡಿದರು, ಬೆಲ್ಲ ಇನ್ನೊಂದು ಚೂರು ಕೇಳಿ ತೆಗೆದುಕೊಂಡರು.

"ಈಗ ಚಾವಿ ತಗೋರಿ," ಅಂದರು ಬಸಯ್ಯನವರು.

"ತಗೋತೇನಿ. ನಮ್ಮ ಓಣ್ಯಾಗ ಮೊದಲನೇ ಗುದ್ದಲಿ ಬೀಳಲಿ. ಬಿದ್ದ ಸಪ್ಪಳ ಕೇಳಿ ತಗೋತೇನಿ. ಮೇಡಂ ಕಾಗದ ನಿನ್ನೆ ಬಂದೈತಿ ಅಂತ ನಮಗೂ ಗೊತ್ತೈತ್ರಿ. ನೀರ ಅಯೋಗ್ಯ ಅಂತ ಬಂದೈತಿ. ಪೈಪ ನಿಮ್ಮ ಅಂಗಳದಾಗ ಅದಾವು."

"ಅವು ಪ್ಲಾಟಿಗೆ..." ಅಂದರು ಸಾಹೇಬರು.

ಹಿಂದಿನಿಂದ ಒಂದು ದನಿ ಬಂತು. "ಪ್ಲಾಟಿನ್ಯಾಗ ಇನ್ನೂ ಮನೀನ ಇಲ್ಲಲ್ರೀ ನೀಲಕಂಠ. ಇವರಿಗೆ ಕೊಡ್ರಿ. ನಮಗ ನೀರ ಬರಲಿ." ಶಾಂತಾಬಾಯಿಯವರು. ಅವರು ಹೇಳಿದ್ದು ನಮಗಾಗಿಯೋ ಅವರ ಖಾಲಿ ಕೊಡಕ್ಕಾಗಿಯೋ, ಕೇಳಲು ಹೋಗಲಿಲ್ಲ. ಬಂದ ಮಾತು ಬಂತು.

ಮಧ್ಯಾಹ್ನಕ್ಕೆ ಟ್ರ್ಯಾಕ್ಟರ್ ತುಂಬ ನೀಲಿ ಪೈಪು ಬಂದವು. ಇಳಿಸುವಾಗ ಒಂದರೊಳಗಿಂದ ಮೂರು ನಾಯಿಮರಿ ಹೊರಬಿದ್ದವು. ಅವುಗಳ ತಾಯಿ ಟ್ರ್ಯಾಕ್ಟರಿನ ಹಿಂದೆ ಓಡಿ ಬಂದು ಏದುಸಿರು ಬಿಡುತ್ತಿತ್ತು. ಚನ್ನವ್ವ ಅದಕ್ಕೂ ನೀರಿಟ್ಟಳು. ಗುದ್ದಲಿ ಬಿತ್ತು. ಸಪ್ಪಳ ಕೇಳಿದೆ. ಚಾವಿ ಹೆಗಲಿಗೆ ಹಾಕಿಕೊಂಡೆ.

ಒಂಬತ್ತನೆಯದರ ಗುಂಡಿಯ ಸುತ್ತ ಪೇಟೆಯೆಲ್ಲ ನೆರೆದಿತ್ತು. ಹೊಟ್ಟೆ ಅಡಿಯಾಗಿ ಮಲಗಿದೆ. ಕಲ್ಲಿನಿಂದ ಅದರ ತಲೆಗೆ ಮೂರು ಪೆಟ್ಟು, ಇತ್ತ ಒಂದಿಷ್ಟು, ಅತ್ತ ಒಂದಿಷ್ಟು. ಬಿಟ್ಟುಕೊಟ್ಟಿತು. ಬಲಕ್ಕೆ ಹದಿನೆಂಟು. ನೆಲದೊಳಗೆ ನೀರು ಓಡುವ ಸದ್ದು ನನ್ನ ಕೆನ್ನೆಗೆ ತಾಗಿತು.

ಮುಂದಿನ ಶನಿವಾರ ಒಂಬತ್ತಕ್ಕೆ ನಮ್ಮ ಓಣಿಯ ವಾಲ್ವ್ ತೆರೆದು ಓಡಿ ಬಂದೆ. ಹೆಂಗಸರು ರೂಢಿಯಂತೆ ಮೊದಲು ಬಚ್ಚಲಿನ ಬಕೆಟ್ ಇಟ್ಟಿದ್ದರು. ನಳ ಸೀನಲಿಲ್ಲ. ತೋಳಿನಷ್ಟು ದಪ್ಪ ಧಾರೆ ಬಂತು, ಬೆಳ್ಳಗೆ.

"ಚಹಾ ಎಲ್ಲೇ?" ಅಂದಳು ಚನ್ನವ್ವ.

"ಚಹಾ ಬಂದ್ ಆತವಾ!" ಅಂತ ಕೂಗಿದಳು ಭಾಗೀರಥಿ. ಬೊಗಸೆ ಹಿಡಿದು ಕುಡಿದಳು. ಅವಳ ಕಣ್ಣು ಬೆಳ್ಳಗಿದ್ದವು. ನಾನು ಅದನ್ನೇ ನೋಡುತ್ತ ನಿಂತೆ. ಅವತ್ತು ಅವಳ ಆರು ತಿಂಗಳೂ ಮುಗಿದಿತ್ತು. ಮಧ್ಯಾಹ್ನ ರೊಟ್ಟಿಯ ಮೇಲೆ ರಂಜಕ ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತ, ನಾಲ್ಕು ರೊಟ್ಟಿ ತಿಂದಳು.

ಬುಧವಾರ ಮೇಲಿನ ಓಣಿಯ ಪಾಳಿ. ಗುಂಡಿಯ ಮುಚ್ಚಳ ತೆಗೆಯುವಾಗ ಶಾಂತಾಬಾಯಿಯವರು ಬಾಗಿಲಿಗೆ ಬಂದರು. ಮುಖದ ತುಂಬ ನಗು. ಮೊದಲು ನೀರು, ಆಮೇಲೆ ಚಹಾ ಅನ್ನುವುದು ಅವರ ರೂಢಿ. ಅವತ್ತು ಚಹಾ ಮೊದಲೇ ತಂದಿದ್ದರು. ಅವರ ಕೈಯಲ್ಲಿ ಸ್ಟೀಲಿನ ಲೋಟ. ನನಗೆ ಚಾಚಿದ್ದು ಕಾಗದದ ಕಪ್ಪು.

ನಮ್ಮ ತಂಬಿಗೆಯಲ್ಲಿ ಎರಡು ಸಲ ಕುಡಿದ ಬಾಯಿ ಅದು. ಬಾಯಿಗೆ ನೆನಪಿತ್ತೋ ಏನೋ, ಕೈಗೆ ಇರಲಿಲ್ಲ.

ನಾನು ಕಪ್ಪು ಮುಟ್ಟಲಿಲ್ಲ. ಗುಂಡಿಯ ದಂಡೆಯ ಮೇಲೆ ಕೂತೆ. ಚಾವಿಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೆ.

"ಬಾಯಾರ, ನನಗೂ ಸ್ಟೀಲಿಂದ ಬರಲಿ," ಅಂದೆ. "ಅವಸರ ಇಲ್ರಿ. ನಾ ಕುಂತಿರತೇನಿ."

ಅವರ ನಗು ಹೋಯಿತು. ಕಪ್ಪು ನೋಡಿದರು. ನನ್ನನ್ನು ನೋಡಿದರು. ಓಣಿಯುದ್ದಕ್ಕೂ ಬಾಗಿಲುಗಳಲ್ಲಿ ಕೊಡ ಹಿಡಿದ ಹೆಂಗಸರು ಕಾಯುತ್ತಿದ್ದರು. ಶಾಂತಾಬಾಯಿಯವರು ಕಪ್ಪು ಹಿಡಿದುಕೊಂಡೇ ಒಳಗೆ ಹೋದರು. ಬಿಸಿಲು ಚೆನ್ನಾಗಿತ್ತು, ನಾನು ಕಾಲು ಚಾಚಿಕೊಂಡೆ.

ಆಮೇಲೆ ಅಡುಗೆಮನೆಯಲ್ಲಿ ಗೋಡೆಯ ಮಾಡದಿಂದ ಸ್ಟೀಲಿನ ಲೋಟ ತೆಗೆದ ಸದ್ದು ಕೇಳಿಸಿತು.